ಎರಡು ಅಡುಗೆ ಬೇಡ, ಒಂದೇ ಸಾರನ್ನು ಕೊನೆಯಲ್ಲಿ ಬೇರೆ ಮಾಡಿ

ಮನೆಯಲ್ಲಿ ಐದು ಜನ, ಇಬ್ಬರು ಮಾಂಸ ಮುಟ್ಟಲ್ಲ, ಮೂವರಿಗೆ ಮಾಂಸ ಇಲ್ಲದಿದ್ದರೆ ಊಟ ಸೇರಲ್ಲ. ದಿನಾ ಎರಡೆರಡು ಅಡುಗೆ ಮಾಡಿ ಸಾಕಾಗಿದೆ, 20ನೇ ತಾರೀಖಿಗೇ ದುಡ್ಡು ಖಾಲಿ, ಏನು ಮಾಡಲಿ ಅಂತ ಕೇಳಿದ್ದೀರಿ. ನಮ್ಮ ಮನೆಯೂ ಹೀಗೇ ಇತ್ತು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಮಂಡ್ಯ ಕಡೆಯವನು, ಹೆಂಡತಿ ಧಾರವಾಡ ಕಡೆಯವಳು. ಇರುವುದು ಮೈಸೂರಿನಲ್ಲಿ, ಬಾಡಿಗೆ ಮನೆಯಲ್ಲಿ. ಹೆಂಡತಿ ಮತ್ತು ಅವಳ ತಾಯಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಗಳು ಮೊಟ್ಟೆ ಮಾತ್ರ ತಿನ್ನುತ್ತಾಳೆ. ಅಪ್ಪ, ನಾನು, ಮಗ ಎಲ್ಲವನ್ನೂ ತಿನ್ನುತ್ತೇವೆ. ಒಟ್ಟು ಆರು ಜನ. ನನ್ನದು ಶಿಫ್ಟ್ ಕೆಲಸ, ಹಾಗಾಗಿ ಒಂದು ಹೊತ್ತಿನ ಅಡುಗೆ ನನ್ನದೇ.

ಮೊದಲು ನಾವೂ ಎರಡು ಅಡುಗೆ ಮಾಡುತ್ತಿದ್ದೆವು. ಒಂದು ಒಲೆಯ ಮೇಲೆ ಬೇಳೆ ಸಾರು, ಇನ್ನೊಂದರ ಮೇಲೆ ಕೋಳಿ ಸಾರು. ಎರಡು ಮಸಾಲೆ, ಎರಡು ಒಗ್ಗರಣೆ, ಎರಡರಷ್ಟು ಗ್ಯಾಸು. ಎರಡರಲ್ಲೂ ಒಂದೊಂದು ಪಾಲು ಉಳಿದು ಮಾರನೇ ದಿನ ಚೆಲ್ಲುತ್ತಿದ್ದೆವು. ದುಡ್ಡು ಜಾಸ್ತಿ ಹೋಗುತ್ತಿದ್ದದ್ದು ಮಾಂಸಕ್ಕಿಂತ ಇದರಲ್ಲೇ ಅಂತ ಗೊತ್ತಾಗಲು ನಮಗೆ ಎರಡು ವರ್ಷ ಬೇಕಾಯಿತು. ಈಗ ಸಾರು ಒಂದೇ. ಪೂರ್ತಿ ಸಸ್ಯಾಹಾರಿ ಸಾರು ಕುದಿಸಿ, ತಿನ್ನದವರ ಪಾಲನ್ನು ಮೊದಲು ಎತ್ತಿಟ್ಟು, ಉಳಿದದ್ದಕ್ಕೆ ಮಾತ್ರ ಮೊಟ್ಟೆಯನ್ನೋ ಮಾಂಸವನ್ನೋ ಸೇರಿಸುತ್ತೇನೆ.

ಇದಕ್ಕೆ ನಮ್ಮ ಕಡೆಯ ಬಸ್ಸಾರಿಗಿಂತ ಒಳ್ಳೆಯ ಅಡುಗೆ ನಾನು ಕಂಡಿಲ್ಲ. ಆರು ಜನಕ್ಕೆ ಕಾಲು ಕೆಜಿ ಹುರುಳಿಕಾಳು ಸಾಕು. ರಾತ್ರಿ ನೆನೆಸಿಡಿ. ಬೆಳಿಗ್ಗೆ ಧಾರಾಳವಾಗಿ ನೀರು ಹಾಕಿ ಕುಕ್ಕರಿನಲ್ಲಿ ಆರೇಳು ಕೂಗು ಕೂಗಿಸಿ. ಮುಚ್ಚಳ ತೆಗೆದು ಎರಡು ಕಟ್ಟು ಬೆರಕೆ ಸೊಪ್ಪನ್ನೋ ದಂಟಿನ ಸೊಪ್ಪನ್ನೋ ಹೆಚ್ಚಿ ಹಾಕಿ, ಉಪ್ಪು ಹಾಕಿ, ಐದು ನಿಮಿಷ ಬೇಯಿಸಿ. ಆಮೇಲೆ ನೀರನ್ನು ಬಸಿದುಕೊಳ್ಳಿ. ಆ ಬಸಿದ ನೀರೇ ಕಟ್ಟು, ಅದನ್ನು ಒಂದು ತೊಟ್ಟೂ ಚೆಲ್ಲಬೇಡಿ, ಸಾರಿನ ಜೀವವೇ ಅದು. ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಮೆಣಸು ಬಾಡಿಸಿ. ಸಾರಿನ ಪುಡಿ, ಒಂದು ಚೂರು ತೆಂಗಿನಕಾಯಿ, ಹುಣಸೆಹಣ್ಣು, ಬೆಂದ ಕಾಳು ಎರಡು ಸೌಟು ಸೇರಿಸಿ ರುಬ್ಬಿ. ಕಾಳು ರುಬ್ಬಿ ಹಾಕಿದರೆ ಸಾರು ತಾನಾಗಿಯೇ ಗಟ್ಟಿ ಬರುತ್ತದೆ, ತೆಂಗಿನಕಾಯಿ ಜಾಸ್ತಿ ಬೇಕಾಗುವುದಿಲ್ಲ. ರುಬ್ಬಿದ್ದನ್ನು ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಬಸಿದ ಕಾಳು, ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಕುಕ್ಕರಿನಲ್ಲಿ ಎರಡು ಅಡುಗೆ, ಜೊತೆಗೆ ಬಿಸಿ ಮುದ್ದೆ.

ಈಗ ತಿನ್ನುವವರ ಪಾಲಿಗೆ ಬನ್ನಿ. ನಾಲ್ಕು ಜನಕ್ಕೆ ಬೇಕಾದಷ್ಟು ಸಾರನ್ನು ಸಣ್ಣ ಪಾತ್ರೆಗೆ ಬಗ್ಗಿಸಿ ಕುದಿ ಬರಿಸಿ. ಉರಿ ಸಣ್ಣ ಮಾಡಿ ಮೊಟ್ಟೆಗಳನ್ನು ಒಂದೊಂದಾಗಿ, ಪಾತ್ರೆಯ ಅಂಚಿಗೆ ಹತ್ತಿರವಾಗಿ ಒಡೆದು ಬಿಡಿ. ಸೌಟು ಆಡಿಸಬೇಡಿ, ಆಡಿಸಿದರೆ ಒಡೆದು ಸಾರೆಲ್ಲ ಕಲಕಿಹೋಗುತ್ತದೆ. ಮುಚ್ಚಿ ಐದಾರು ನಿಮಿಷ ಬಿಟ್ಟರೆ ಮೊಟ್ಟೆ ಇಡಿಯಾಗಿ ಗಟ್ಟಿಯಾಗಿರುತ್ತದೆ. ನನ್ನ ಅಪ್ಪ ಮಾಂಸ ಇಲ್ಲ ಅಂತ ಗೊಣಗುತ್ತಿದ್ದವರು ಈ ಮೊಟ್ಟೆ ಸಾರು ಶುರುವಾದ ಮೇಲೆ ಬುಧವಾರ ಯಾವಾಗ ಅಂತ ಕೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. 100 ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ. ಹಾಗಾಗಿ ಮೊಟ್ಟೆ ತಿನ್ನದವರಿಗೆ ಏನೋ ಕಡಿಮೆಯಾಯಿತು ಅಂತ ಚಿಂತೆ ಬೇಡ.

ಇದೇ ದಾರಿಯಲ್ಲಿ ಬದನೆಕಾಯಿ ಗೊಜ್ಜು ಮಾಡಿ. ಅರ್ಧ ಎತ್ತಿಟ್ಟು, ಉಳಿದರ್ಧಕ್ಕೆ ಒಂದು ಹಿಡಿ ಒಣ ಸೀಗಡಿ. ಸೀಗಡಿಯ ತಲೆ, ಬಾಲ ಮುರಿದು, ಬರೀ ಬಾಣಲೆಯಲ್ಲಿ ಹುರಿದು, ಎರಡು ಸಲ ತೊಳೆದು ಹಾಕಬೇಕು. ಒಂದು ಹಿಡಿಗೇ ಇಡೀ ಗೊಜ್ಜಿಗೆ ರುಚಿ ಹತ್ತುತ್ತದೆ. ಆದರೆ ಹುರಿಯುವಾಗ ವಾಸನೆ ಮನೆಯೆಲ್ಲ ತುಂಬುತ್ತದೆ. ತಿನ್ನದವರು ಮನೆಯಲ್ಲಿ ಇಲ್ಲದ ಹೊತ್ತು ನೋಡಿ, ಕಿಟಕಿ ತೆಗೆದು ಹುರಿಯಿರಿ.

ಭಾನುವಾರದ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಬಹಳ ಮನೆಗಳಲ್ಲಿ ಭಾನುವಾರ ತಿನ್ನುವವರಿಗೆ ಬಾಡೂಟ, ತಿನ್ನದವರಿಗೆ ನಿನ್ನೆಯ ತಿಳಿಸಾರು. ಇದು ತಪ್ಪು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅವರಿಗೂ ಅದು ಭಾನುವಾರವೇ ಅಲ್ವಾ? ಹಾಗಂತ ಸಮಾಧಾನಕ್ಕೆ ಪನೀರ್ ತರಲು ಹೋಗಬೇಡಿ. ಕೆಜಿ ಲೆಕ್ಕದಲ್ಲಿ ಅದು ಕೋಳಿಗಿಂತ ದುಬಾರಿ. ಬಾಡಿನ ಸಾರಿಗೆ ರುಬ್ಬುವ ಮಸಾಲೆಯಲ್ಲಿ ಮಾಂಸದ್ದು ಏನೂ ಇರುವುದಿಲ್ಲ ನೋಡಿ: ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಗಸಗಸೆ, ಕೊತ್ತಂಬರಿ ಸೊಪ್ಪು, ಕಾಯಿ, ಧನಿಯ, ಖಾರದ ಪುಡಿ. ಆರೂ ಜನಕ್ಕೆ ಒಂದೇ ಸಲ ರುಬ್ಬಿ. ಕಾಯಿ ಅರ್ಧ ಕಡಿಮೆ ಮಾಡಿ ಎರಡು ಚಮಚ ಹುರಿಗಡಲೆ ಹಾಕಿ. ಮೊದಲು ಒಂದು ಪಾತ್ರೆಯಲ್ಲಿ ತಿನ್ನದವರ ಸಾರು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ, ಬೇರೆ ಕಾಲದಲ್ಲಿ ಆಲೂಗಡ್ಡೆ, ಮೀಲ್ ಮೇಕರ್ (ಸೋಯಾ ಉಂಡೆ). ಒಣ ಮೀಲ್ ಮೇಕರಿನಲ್ಲಿ ಅರ್ಧದಷ್ಟು ಪ್ರೋಟೀನೇ ಇರುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಎಣ್ಣೆಯಲ್ಲಿ ಸ್ವಲ್ಪ ಹುರಿದೇ ಸಾರಿಗೆ ಹಾಕಿ. ಹಿಂಡದೆ ಹಾಕಿದರೆ ಸಪ್ಪೆ. ಅದು ಇಳಿದ ಮೇಲೆ ಕುಕ್ಕರಿನಲ್ಲಿ ಕೋಳಿ.

ಕೋಳಿ ನಾವು ತರುವುದು ಮುಕ್ಕಾಲು ಕೆಜಿ. ಮೂವರಿಗೆ ಧಾರಾಳ. ಮೊದಲು ವಾರಕ್ಕೆ ಮೂರು ಸಲ ಒಂದೊಂದು ಕೆಜಿ ತರುತ್ತಿದ್ದೆವು. ನಮ್ಮ ಬೀದಿಯ ಅಂಗಡಿಯಲ್ಲಿ ಕೆಜಿಗೆ 240 ರೂಪಾಯಿ ಅಂತ ಹಿಡಿದರೆ ವಾರಕ್ಕೆ 720. ಈಗ ಕೋಳಿಗೆ 180, ಎರಡು ದಿನದ 16 ಮೊಟ್ಟೆಗೆ 7 ರೂಪಾಯಿಯಂತೆ 112, ಸೀಗಡಿಗೆ ಒಂದು 30. ಒಟ್ಟು 322. ದರ ಏರಿಳಿಯುತ್ತದೆ, ಆದರೂ ಅರ್ಧಕ್ಕಿಂತ ಕಡಿಮೆಯೇ ಬರುತ್ತದೆ.

ಮಟನ್ ಮನೆಗೆ ಬರುವುದು ವರ್ಷಕ್ಕೆ ಎರಡು ಸಲ, ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಮತ್ತು ಮಾರ್ಲಾಮಿಗೆ, ಅಂದರೆ ಮಹಾಲಯ ಅಮಾವಾಸ್ಯೆಗೆ. ಅದೂ ಊರಿನಲ್ಲಿ ನಾಲ್ಕೈದು ಮನೆಯವರು ಸೇರಿ ಮರಿ ಕಡಿಸಿ ಹಂಚಿಕೊಳ್ಳುವ ಗುಡ್ಡೆ ಮಾಂಸ. ಊರಿನ ನಂಟು ಇದ್ದರೆ ನೀವೂ ಕೇಳಿ ನೋಡಿ, ಅಂಗಡಿ ರೇಟಿಗಿಂತ ಕಡಿಮೆಗೆ ಸಿಗುತ್ತದೆ. ಸೋಮವಾರ, ಶನಿವಾರ ಅಪ್ಪನೇ ಮುಟ್ಟುವುದಿಲ್ಲ. ಶ್ರಾವಣದಲ್ಲಿ ಇಡೀ ತಿಂಗಳು ಇಲ್ಲ. ನಿಮ್ಮ ಮನೆಯಲ್ಲೂ ಇಂಥ ದಿನಗಳು ಇರುತ್ತವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ವಾರದ ಅಡುಗೆ ಅರ್ಧ ತೀರ್ಮಾನವಾದ ಹಾಗೆ.

ಒಂದು ಮಾತು ದುಡ್ಡಿಗೆ ಸಂಬಂಧಿಸಿದ್ದಲ್ಲ. ಒಂದು ಭಾನುವಾರ ಅವಸರದಲ್ಲಿ ಕೋಳಿ ಸಾರು ತಿರುವಿದ ಸೌಟನ್ನೇ ಪಕ್ಕದ ಪಾತ್ರೆಗೆ ಹಾಕಿಬಿಟ್ಟೆ. ಅತ್ತೆ ಅಲ್ಲೇ ಈರುಳ್ಳಿ ಬಿಡಿಸುತ್ತಾ ಕೂತಿದ್ದರು, ನೋಡಿದರು. ಬೈಯಲಿಲ್ಲ. 'ಇರ್ಲಿ ಬಿಡ್ರಿ, ನನಗ ಹಸಿವಿಲ್ಲ' ಅಂದು ಮೊಸರನ್ನ ಕಲಸಿಕೊಂಡರು. ಹೆಂಡತಿಯೂ ಅದನ್ನೇ ತಿಂದಳು. ಇಡೀ ಪಾತ್ರೆ ಹಿತಕಿದ ಬೇಳೆ ಸಾರು ಹಾಗೇ ಇತ್ತು. ಆ ದಿನ ನನಗೆ ಊಟ ಇಳಿಯಲಿಲ್ಲ. ಅವತ್ತೇ ಸಂಜೆ ಹೋಗಿ ಬೇರೆ ಸೌಟು, ಮಣೆ, ಚಾಕು, ಒಂದು ಸಣ್ಣ ಕುಕ್ಕರ್ ತಂದೆ. ಅವನ್ನು ಇಡುವ ಗೂಡೂ ಬೇರೆ, ತೊಳೆಯುವ ನಾರೂ ಬೇರೆ. ದುಡ್ಡು ಉಳಿಸಬೇಕು ಅಂತ ಇದರಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ನಂಬಿಕೆ ಹೋದರೆ ಅವರು ಆ ಒಲೆಯ ಸಾರನ್ನೇ ಮುಟ್ಟುವುದಿಲ್ಲ, ಮತ್ತೆ ಎರಡು ಅಡುಗೆ ಶುರುವಾಗುತ್ತದೆ.

ನೀವು ತಿನ್ನುವವರೋ ತಿನ್ನದವರೋ ಬರೆದಿಲ್ಲ. ತಿನ್ನದವರಾಗಿದ್ದರೆ ಮಾಂಸ ತೊಳೆಯುವ, ಬೇಯಿಸುವ, ಆ ಪಾತ್ರೆ ಉಜ್ಜುವ ಕೆಲಸ ನಿಮ್ಮದಲ್ಲ. ನೀವು ಸಾರು ಮಾಡಿ ಕೊಡಿ. ಮುಂದಿನದನ್ನು ತಿನ್ನುವವರು ನೋಡಿಕೊಳ್ಳಲಿ. ನಮ್ಮ ಮನೆಯಲ್ಲಿ ಹೆಂಡತಿ ಇವತ್ತಿನವರೆಗೂ ಕೋಳಿ ಮುಟ್ಟಿಲ್ಲ. ತೊಳೆಯುವುದು ನಾನು, ಪಾತ್ರೆ ಉಜ್ಜುವುದು ಮಗ.

ನಿಮ್ಮ ಮನೆಯಲ್ಲಿ ಮುದ್ದೆಗಿಂತ ರೊಟ್ಟಿ ಜಾಸ್ತಿಯಾದರೆ ಬಸ್ಸಾರಿನ ಬದಲು ಅತ್ತೆಯ ಝುಣಕದಿಂದ ಶುರು ಮಾಡಿ. ದೊಡ್ಡ ಬಾಣಲೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಜಾಸ್ತಿ ಮಾಡಿಕೊಳ್ಳಿ. ಅದರಲ್ಲಿ ಮೂರನೇ ಒಂದು ಪಾಲನ್ನು ಸಣ್ಣ ಬಾಣಲೆಗೆ ತೆಗೆದು ಮೊಟ್ಟೆ ಒಡೆದು ಹಾಕಿ, ಮೊಟ್ಟೆ ಪಲ್ಯ ಆಗುತ್ತದೆ. ಉಳಿದದ್ದಕ್ಕೆ ನೀರು, ಉಪ್ಪು ಹಾಕಿ ಕುದಿಸಿ, ಒಂದು ಕೈಯಲ್ಲಿ ಕಡಲೆಹಿಟ್ಟು ಉದುರಿಸುತ್ತಾ ಇನ್ನೊಂದು ಕೈಯಲ್ಲಿ ಗಂಟಾಗದ ಹಾಗೆ ತಿರುವಿ. ಝುಣಕ ಎಲ್ಲರಿಗೂ, ಮೊಟ್ಟೆ ಬೇಕಾದವರಿಗೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿದ್ದರೆ ಬೇರೆ ಸಾರು ಯಾರೂ ಕೇಳುವುದಿಲ್ಲ.