ಗೋಡೆಗೆ ಟೈರು, ಗೆದ್ದವನಿಗೆ ಮರೆವು

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ಡೇಟೋನಾ 500 ಕಾರು ರೇಸು 1990ರಲ್ಲಿ ನಡೆದ ಬಗ್ಗೆ ಬಂದ ಟಿಪ್ಪಣಿ ಓದಿ ಬೇಸರವಾಯಿತು. 200 ಸುತ್ತುಗಳಲ್ಲಿ 155 ಸುತ್ತು ಮುಂದಿದ್ದವರು ಡೇಲ್ ಅರ್ನ್‌ಹಾರ್ಟ್. ಕೊನೆಯ ಸುತ್ತಿನಲ್ಲಿ ಅವರ ಟೈರು ಹರಿಯಿತು, ಹಿಂದಿದ್ದ ಡೆರಿಕ್ ಕೋಪ್ ಗೆದ್ದರು. ಕಾಗೆ ಕೂತಿತು, ಕೊಂಬೆ ಮುರಿಯಿತು. ಇದರಲ್ಲಿ ಕೊಂಡಾಡುವಂಥದ್ದು ಏನಿದೆ? ಕರ್ಣನ ರಥದ ಚಕ್ರ ಹೂತಾಗ ಬಾಣ ಬಿಟ್ಟವನ ಪಕ್ಷವನ್ನು ನೀವು ವಹಿಸಿದ್ದೀರಿ. ನಾನಿರುವ ಊರಿನ ಸುತ್ತಮುತ್ತ ಅರ್ನ್‌ಹಾರ್ಟ್ ಇಂದಿಗೂ ಮನೆಮಾತು. ಮುಂದಿನ ಸಂಚಿಕೆಯಲ್ಲಾದರೂ ಅವರ ಬಗ್ಗೆ ಬರೆಯಿರಿ.’
— ಹಾಸನ ಮೂಲದ ಓದುಗರು, ಷಾರ್ಲಟ್, ನಾರ್ತ್ ಕೆರೊಲಿನಾ

ಸಂಪಾದಕರ ಉತ್ತರ:

ಮಾನ್ಯರೇ,

ಅಷ್ಟು ದೂರದಲ್ಲಿದ್ದುಕೊಂಡು ಕನ್ನಡ ಪತ್ರಿಕೆಯ ಮೂಲೆಯೊಂದರಲ್ಲಿ ಬಂದ ಟಿಪ್ಪಣಿಯನ್ನು ಮನಸ್ಸಿಟ್ಟು ಓದಿದ್ದೀರಿ, ಜಗಳಕ್ಕೂ ಬಂದಿದ್ದೀರಿ. ಇಂಥ ಓದುಗರು ಸಿಗುವುದು ಪತ್ರಿಕೆಯ ಭಾಗ್ಯ. ಆದರೆ ನೀವು ಎತ್ತಿರುವ ಪ್ರಶ್ನೆ ನನಗೆ ಬಹಳ ಹತ್ತಿರದ್ದು, ಸುಲಭಕ್ಕೆ ಬಿಟ್ಟುಕೊಡಲಾರೆ.

ಅರ್ನ್‌ಹಾರ್ಟ್ ದೊಡ್ಡವರು ಎಂಬುದರಲ್ಲಿ ತಕರಾರಿಲ್ಲ. ನಿಮ್ಮ ಪಕ್ಕದ ಕನ್ನಾಪೊಲಿಸ್ ಎಂಬ ಬಟ್ಟೆ ಗಿರಣಿಯ ಊರಿನಿಂದ ಬಂದು ಇಡೀ ವರ್ಷದ ರೇಸುಗಳ ಲೆಕ್ಕದಲ್ಲಿ 7 ಸಲ ಚಾಂಪಿಯನ್ ಆದರು. 1990ರ ಫೆಬ್ರವರಿ 18ರಂದು ಆ ಟ್ರ್ಯಾಕಿನ ಮೇಲೆ ಅವರ ಕಾರಿಗೆ ಸಾಟಿಯಾದ ಕಾರು ಇನ್ನೊಂದಿರಲಿಲ್ಲ. ಒಪ್ಪಿದೆ.

ಈಗ ಕರ್ಣನ ಮಾತಿಗೆ ಬರುತ್ತೇನೆ, ಅಲ್ಲೇ ನೀವು ಎಡವಿದ್ದೀರಿ. ಚಕ್ರ ಕೈಕೊಟ್ಟ ಮಾತ್ರಕ್ಕೆ ಯಾರೂ ಕರ್ಣನಾಗುವುದಿಲ್ಲ. ಕುಲ ಕೇಳಿ ಅಂಗಳದಿಂದ ಹೊರಗೆ ನಿಲ್ಲಿಸಿಕೊಂಡವನು ಕರ್ಣ, ಯುದ್ಧದ ನಟ್ಟನಡುವೆ ಸಾರಥಿಯನ್ನೂ ಕಳೆದುಕೊಂಡವನು. ಅರ್ನ್‌ಹಾರ್ಟ್ ಆ ಹೊತ್ತಿಗೆ 3 ಸಲ ಚಾಂಪಿಯನ್, ರಿಚರ್ಡ್ ಚಿಲ್ಡ್ರೆಸ್ ಅವರಂಥ ಮಾಲೀಕರ ಗ್ಯಾರೇಜು ಅವರ ಬೆನ್ನಿಗಿತ್ತು, ತಂದೆ ರಾಲ್ಫ್ ಕೂಡ ಹೆಸರಾಂತ ರೇಸುಗಾರರು. ಕೋಪ್ ಬೆಳೆದದ್ದು ಅಮೆರಿಕದ ಇನ್ನೊಂದು ತುದಿಯ ವಾಷಿಂಗ್ಟನ್ ರಾಜ್ಯದಲ್ಲಿ, ಸ್ಟಾಕ್ ಕಾರ್ ಎಂದು ಕರೆಯುವ ಈ ಬಗೆಯ ರೇಸಿನ ತವರಾದ ದಕ್ಷಿಣದ ರಾಜ್ಯಗಳಿಂದ ಬಹಳ ದೂರ. ಬೇಸ್‌ಬಾಲ್ ಆಡಿಕೊಂಡಿದ್ದ ಹುಡುಗ ಮೊಣಕಾಲು ಪೆಟ್ಟಾಗಿ ಆಟ ಬಿಡಬೇಕಾಯಿತು. ಕಾರಿನ ಸ್ಟೀರಿಂಗ್ ಹಿಡಿದು ಈ ಮಟ್ಟಕ್ಕೆ ಬಂದ ಮೇಲೂ ಆ ಭಾನುವಾರದವರೆಗೆ ಇಲ್ಲಿ ಒಂದೇ ಒಂದು ಗೆಲುವು ಅವರ ಹೆಸರಿನಲ್ಲಿರಲಿಲ್ಲ. ಹೇಳಿ, ಇವರಿಬ್ಬರಲ್ಲಿ ಕರ್ಣನ ಪಾಲು ಯಾರದು?

ಆ ಕೊನೆಯ ಸುತ್ತುಗಳನ್ನು ಒಂದೊಂದಾಗಿ ನೋಡೋಣ. ಡೇಟೋನಾ ಟ್ರ್ಯಾಕಿನ ಒಂದು ಸುತ್ತು 2.5 ಮೈಲಿ. ತಿರುವುಗಳಲ್ಲಿ ರಸ್ತೆ 31 ಡಿಗ್ರಿ ವಾಲಿಕೊಂಡಿದೆ, ಕಾಲ್ನಡಿಗೆಯಲ್ಲಿ ಹತ್ತುವುದೇ ಕಷ್ಟ. ಅಂಥ 200 ಸುತ್ತು, ಒಟ್ಟು 500 ಮೈಲಿ. 193ನೇ ಸುತ್ತಿನಲ್ಲಿ ಜೆಫ್ ಬೊಡೈನ್ ಅವರ ಕಾರು ಗಿರಕಿ ಹೊಡೆಯಿತು, ಹಳದಿ ಬಾವುಟ ಬಂತು, ಎಂದರೆ ಎಲ್ಲರೂ ವೇಗ ತಗ್ಗಿಸಿ ಸಾಲಾಗಿ ಓಡಬೇಕು. ಮುಂಚೂಣಿಯವರೆಲ್ಲ ಹೊಸ ಟೈರು ಹಾಕಿಸಿಕೊಳ್ಳಲು ಟ್ರ್ಯಾಕಿನ ಬದಿಯ ತಂಗುದಾಣವಾದ ಪಿಟ್‌ಗೆ ಇಳಿದರು. ಕೋಪ್ ಇಳಿಯಲಿಲ್ಲ. ಅವರ ತಂಡದ ಮುಖ್ಯಸ್ಥ ಬಡ್ಡಿ ಪ್ಯಾರಟ್ ಹಳೆಯ ಟೈರಿನಲ್ಲೇ ಓಡಿಸಿ ಜಾಗ ಉಳಿಸಿಕೊಳ್ಳುವ ಲೆಕ್ಕ ಹಾಕಿದ್ದರು. ರೇಸು ಮತ್ತೆ ಶುರುವಾದಾಗ ಹೊಸ ಟೈರಿನ ಅರ್ನ್‌ಹಾರ್ಟ್ ಸಲೀಸಾಗಿ ಮುಂದೆ ಹೋದರು. ಎರಡನೆಯ ಸ್ಥಾನಕ್ಕೆ ಬಂದ ಕೋಪ್ ಬೆನ್ನಿಗೆ ಟೆರಿ ಲಬಾಂಟಿ, ಬಿಲ್ ಎಲಿಯಟ್, ರಿಕಿ ರಡ್ ಬಿದ್ದಿದ್ದರು. ಇವರಲ್ಲಿ ಲಬಾಂಟಿ, ಎಲಿಯಟ್ ಇಬ್ಬರೂ ಆಗಲೇ ಚಾಂಪಿಯನ್ ಆದವರು. ಸವೆದ ಟೈರಿನ ಮೇಲೆ, ಅರ್ನ್‌ಹಾರ್ಟ್ ಕಾರು ಗಾಳಿಯನ್ನು ಸೀಳಿ ಹಿಂದೆ ಬಿಟ್ಟ ನೆರಳನ್ನು ಬಿಡದೆ, ಇಂಥವರನ್ನು ಕೋಪ್ ಕೊನೆಯ ಸುತ್ತಿನ ಮೂರನೇ ತಿರುವಿನವರೆಗೂ ತಡೆದು ಹಿಡಿದರು.

ಅಲ್ಲಿ ಅರ್ನ್‌ಹಾರ್ಟ್ ಒಂದು ಲೋಹದ ಚೂರಿನ ಮೇಲೆ ಹಾದುಹೋದರು. ಅದು ಎಂಜಿನ್ ಒಡೆದುಕೊಂಡ ರಿಕ್ ವಿಲ್ಸನ್ ಅವರ ಕಾರಿನಿಂದ ಬಿದ್ದದ್ದು ಎನ್ನುತ್ತಾರೆ. ಬಲಗಡೆಯ ಹಿಂದಿನ ಟೈರು ಚಿಂದಿಯಾಗಿ ಕಾರು ಮೇಲಕ್ಕೆ ಜಾರಿತು, ಕೋಪ್ ಕೆಳಗಿನಿಂದ ನುಗ್ಗಿದರು. ಲಬಾಂಟಿ ಎರಡನೆಯವರಾದರು, ಅರ್ನ್‌ಹಾರ್ಟ್ ಐದನೆಯವರು.

ಚೂರು ಸಿಕ್ಕಿದ್ದು ಅದೃಷ್ಟ, ಇಲ್ಲವೆನ್ನುವುದಿಲ್ಲ. ಆದರೆ ಆ ಚೂರಿನ ಪ್ರಯೋಜನ ಪಡೆಯಬಹುದಾಗಿದ್ದ ಜಾಗ ಇಡೀ ಟ್ರ್ಯಾಕಿನಲ್ಲಿ ಒಂದೇ ಇತ್ತು. ಆ ಜಾಗದಲ್ಲಿ ಎಲಿಯಟ್ ಇರಬಹುದಿತ್ತು, ಲಬಾಂಟಿ ಇರಬಹುದಿತ್ತು. ಇಬ್ಬರೂ ಅಲ್ಲಿಗೆ ತಲುಪಲು ಸಾಕಷ್ಟು ಹೆಣಗಿದರು, ಕೋಪ್ ಬಿಡಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಡೆಲವೇರ್‌ನ ಡೋವರ್ ಟ್ರ್ಯಾಕಿನಲ್ಲಿ ಕೋಪ್ ಮತ್ತೆ ಗೆದ್ದರು. ಅಲ್ಲಿ ಯಾರ ಟೈರೂ ಕೊನೆಯ ತಿರುವಿನಲ್ಲಿ ಹರಿದಿರಲಿಲ್ಲ. ನಿಮ್ಮ ಪತ್ರದಲ್ಲಿ ಡೋವರಿನ ಸುದ್ದಿಯೇ ಇಲ್ಲ. ತಪ್ಪು ನಿಮ್ಮದಲ್ಲ, ಆ ಗೆಲುವಿನ ಬಗ್ಗೆ ನಿಮಗೆ ಯಾರೂ ಹೇಳಿಯೇ ಇಲ್ಲ.

ನನಗೆ ನೋವಾಗುವುದು ಇಲ್ಲಿ. ಅರ್ನ್‌ಹಾರ್ಟ್ ತಂಡದವರು ಆ ಹರಿದ ಟೈರನ್ನು ತಂದು ತಮ್ಮ ಗ್ಯಾರೇಜಿನ ಗೋಡೆಗೆ ನೇತುಹಾಕಿದರು. ಕೆಚ್ಚು ಇಟ್ಟುಕೊಳ್ಳಲು ಹಾಗೆ ಮಾಡಿದ್ದು, ಅದರಲ್ಲಿ ತಪ್ಪೇನೂ ಇಲ್ಲ. ಆ ವರ್ಷದ ಚಾಂಪಿಯನ್‌ಷಿಪ್ಪನ್ನು ಅವರೇ ಗೆದ್ದರು. ಆದರೆ ರೇಸಿನ ಚರಿತ್ರೆ ಬರೆಯುವವರೂ ಆ ಟೈರನ್ನೇ ದಿಟ್ಟಿಸುತ್ತ ನಿಂತುಬಿಟ್ಟರಲ್ಲ! ಅರ್ನ್‌ಹಾರ್ಟ್ ಕಡೆಗೂ 1998ರಲ್ಲಿ, ತಮ್ಮ 20ನೇ ಪ್ರಯತ್ನದಲ್ಲಿ ಡೇಟೋನಾ 500 ಗೆದ್ದಾಗ ಎಲ್ಲ ತಂಡಗಳ ಕೆಲಸಗಾರರು ಪಿಟ್ ರಸ್ತೆಯುದ್ದಕ್ಕೂ ಸಾಲಾಗಿ ನಿಂತು ಕೈಕುಲುಕಿದರು. ಆ ದೃಶ್ಯ ನೋಡಿ ನನ್ನ ಕಣ್ಣೂ ಒದ್ದೆಯಾಗಿದೆ. ಆ ಕಥೆ ಹೇಳುವಾಗೆಲ್ಲ 1990ರ ಟೈರು ಬರುತ್ತದೆ, ಅಂದು ಗೆದ್ದವರ ಹೆಸರು ಒಂದು ಉಪವಾಕ್ಯದಲ್ಲಿ ಮುಗಿದುಹೋಗುತ್ತದೆ.

ಡೇಟೋನಾದಲ್ಲಿ ಇಂಥ ಗೆಲುವುಗಳ ಪರಂಪರೆಯೇ ಇದೆ. 1960ರಲ್ಲಿ ಜೂನಿಯರ್ ಜಾನ್ಸನ್ ತಂದಿದ್ದ ಷೆವರ್ಲೆ ಕಾರಿಗೆ ಅಲ್ಲಿನ ಪಾಂಟಿಯಾಕ್‌ಗಳ ವೇಗವಿರಲಿಲ್ಲ. ನಿಮ್ಮ ನಾರ್ತ್ ಕೆರೊಲಿನಾದ ಬೆಟ್ಟಗಳ ನಡುವೆ ಕಳ್ಳಭಟ್ಟಿ ಸಾಗಿಸುತ್ತ ಕಾರು ಓಡಿಸುವುದನ್ನು ಕಲಿತವರು ಅವರು, ಆ ಕೇಸಿನಲ್ಲಿ ಜೈಲಿಗೂ ಹೋಗಿಬಂದವರು. ಅಭ್ಯಾಸದ ವೇಳೆ ವೇಗದ ಕಾರೊಂದರ ಬಾಲಕ್ಕೆ ಅಂಟಿಕೊಂಡು ಹೋದರೆ ತಮ್ಮ ಕಾರೂ ಅದೇ ವೇಗದಲ್ಲಿ ಎಳೆದುಕೊಂಡು ಹೋಗುತ್ತದೆ ಎಂಬುದನ್ನು ಗಮನಿಸಿದರು. ರೇಸಿನುದ್ದಕ್ಕೂ ಅದನ್ನೇ ಮಾಡಿದರು. ಕೊನೆಯ ಸುತ್ತುಗಳಲ್ಲಿ ಮುಂದಿದ್ದ ಬಾಬಿ ಜಾನ್ಸ್ ಅವರ ಕಾರಿನ ಹಿಂಬದಿಯ ಗಾಜು ಗಾಳಿಗೆ ಕಿತ್ತುಹೋಗಿ ಕಾರು ಗಿರಕಿ ಹೊಡೆಯಿತು, ಜಾನ್ಸನ್ ಗೆದ್ದರು. ನಿಮ್ಮ ಲೆಕ್ಕದಲ್ಲಿ ಇದೂ ಕಾಗೆ, ಇದೂ ಕೊಂಬೆ. ಆದರೆ ಇಂದು ಡೇಟೋನಾದಲ್ಲಿ ಪ್ರತಿ ಚಾಲಕನೂ ಓಡಿಸುವುದು ಜಾನ್ಸನ್ ಅಂದು ಕಂಡುಕೊಂಡ ಆ ಗಾಳಿಯ ಗುಟ್ಟಿನ ಮೇಲೇ.

1963ರ ಟೈನಿ ಲಂಡ್ ಅವರ ಕಥೆ ಗೊತ್ತೇ? ದೈತ್ಯದೇಹಿ. ಸೌತ್ ಕೆರೊಲಿನಾದಲ್ಲಿ ಮೀನು ಹಿಡಿಯಲು ಬರುವವರಿಗೆ ಶಿಬಿರ ನಡೆಸುತ್ತಿದ್ದವರು. ಆ ಫೆಬ್ರವರಿಯಲ್ಲಿ ಓಡಿಸಲು ಕಾರೇ ಇಲ್ಲದೆ, ಯಾರಾದರೂ ಕೊಟ್ಟಾರೆಂದು ಡೇಟೋನಾಕ್ಕೆ ಬಂದಿದ್ದರು. ರೇಸಿಗೆ 10 ದಿನ ಮುಂಚೆ ಮಾರ್ವಿನ್ ಪ್ಯಾಂಚ್ ಪರೀಕ್ಷೆಗೆಂದು ಓಡಿಸುತ್ತಿದ್ದ ಮಾಸೆರಾಟಿ ಕಾರು ಮಗುಚಿಬಿದ್ದು ಹೊತ್ತಿಕೊಂಡಿತು. ಪ್ಯಾಂಚ್ ಒಳಗೇ ಸಿಕ್ಕಿಬಿದ್ದಿದ್ದರು. ಓಡಿಹೋದ ಕೆಲವರಲ್ಲಿ ಲಂಡ್ ಒಬ್ಬರು. ಉರಿಯುತ್ತಿದ್ದ ಕಾರನ್ನು ಎತ್ತಿಹಿಡಿದು ಅವರನ್ನು ಎಳೆದು ತೆಗೆದರು. ಆಸ್ಪತ್ರೆಯ ಹಾಸಿಗೆಯಿಂದಲೇ ಪ್ಯಾಂಚ್ ತಮ್ಮ ಮಾಲೀಕರಾದ ವುಡ್ ಸಹೋದರರನ್ನು ಕೇಳಿಕೊಂಡರು, ನನ್ನ ಕಾರನ್ನು ಲಂಡ್‌ಗೆ ಕೊಡಿ ಎಂದು. ವುಡ್ ಸಹೋದರರು ಉಳಿದವರಿಗಿಂತ ಒಂದು ನಿಲುಗಡೆ ಕಡಿಮೆ ಮಾಡುವ ಲೆಕ್ಕ ಹಾಕಿದರು, ಟೈರನ್ನೂ ಬದಲಿಸಲಿಲ್ಲ. ಕೊನೆಯಲ್ಲಿ ಫ್ರೆಡ್ ಲೊರೆಂಜನ್, ನೆಡ್ ಜ್ಯಾರೆಟ್ ಪೆಟ್ರೋಲಿಗೆಂದು ಪಿಟ್‌ಗೆ ಹೋಗಬೇಕಾಯಿತು, ಲಂಡ್ ಹೋಗಬೇಕಾಗಲಿಲ್ಲ. ಗೆದ್ದರು. ಜೀವ ಉಳಿಸಿದ್ದಕ್ಕೆ ಕಾರ್ನೆಗಿ ಶೌರ್ಯ ಪದಕವೂ ಬಂತು. ಇದನ್ನು ಅದೃಷ್ಟ ಎನ್ನುತ್ತೀರಾ? ನನಗಂತೂ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಕಾಯಿಲೆ ಅಮೆರಿಕದ್ದು ಮಾತ್ರವಲ್ಲ. ವರದಿಗಾರನಾಗಿದ್ದ ಕಾಲದಲ್ಲಿ ಬಾಗಲಕೋಟೆಯ ಕಡೆ ಸೈಕಲ್ ರೇಸಿಗೆ ಹೋಗಿದ್ದೆ. ಆ ಸೀಮೆಯಲ್ಲಿ ಸೈಕಲ್ಲಿಗಿರುವ ಮರ್ಯಾದೆ ನಿಮಗೆ ಗೊತ್ತಿರಬಹುದು. ಗೆಲ್ಲಬೇಕಾಗಿದ್ದ ಸವಾರನ ಟೈರು ಗುರಿ ಇನ್ನೇನು ಕಾಣಿಸಬೇಕು ಎನ್ನುವಾಗ ಪಂಕ್ಚರಾಯಿತು. ಗೆದ್ದವನು ಅವನ ಬೆನ್ನ ಹಿಂದೆಯೇ ಗಾಳಿ ತಪ್ಪಿಸಿಕೊಂಡು ಬರುತ್ತಿದ್ದ ಹುಡುಗ. ಸೈಕಲ್ಲು ಇನ್ನೊಬ್ಬರದ್ದು. ಸೀಟು ಹರಿದಿತ್ತು, ಅದರ ಮೇಲೆ ಟವೆಲ್ಲನ್ನು ಮಡಿಸಿ ದಾರದಿಂದ ಬಿಗಿದಿದ್ದ. ವರದಿ ಕಳಿಸಿದೆ. ಮರುದಿನ ಅಚ್ಚಾದ ತಲೆಬರಹದಲ್ಲಿ ಇದ್ದದ್ದು ಪಂಕ್ಚರಾದವನ ನಿರಾಸೆ. ಹುಡುಗನ ಹೆಸರು ಕೊನೆಯ ಪ್ಯಾರಾಕ್ಕೆ ಇಳಿದಿತ್ತು, ಊರಿನ ಹೆಸರು ಡೆಸ್ಕಿನಲ್ಲಿ ಬದಲಾಗಿ ಬೇರೆ ತಾಲ್ಲೂಕಿನದಾಗಿತ್ತು. ವಾರದ ಮೇಲೆ ಅವನು ಪತ್ರಿಕೆಯ ತುಂಡು ಹಿಡಿದು ಕಚೇರಿಗೆ ಬಂದ. ತಲೆಬರಹದ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಊರ ಹೆಸರಷ್ಟು ಸರಿ ಮಾಡ್ರಿ ಸರ್, ಟೈರಿಗೆ ರೊಕ್ಕ ಕೂಡಿಸಿ ಕೊಟ್ಟವರು ಊರವರು’ ಎಂದ. ತಿದ್ದುಪಡಿ ಬರೆದುಕೊಟ್ಟೆ, ಮೇಲಿನವರು ಜಾಗವಿಲ್ಲವೆಂದರು.

ಆ ಜಾಗ ನಮ್ಮ ಪತ್ರಿಕೆಗಳಲ್ಲಿ ಇವತ್ತಿಗೂ ಇಲ್ಲ. ಕ್ರಿಕೆಟಿಗನೊಬ್ಬ ಮಂಡಿ ನೋವೆಂದು ಅಭ್ಯಾಸ ತಪ್ಪಿಸಿದರೆ ಮೂರು ಕಾಲಂ, ರಾಜ್ಯಮಟ್ಟದ ಕೂಟದಲ್ಲಿ ಹಳ್ಳಿಯ ಹುಡುಗಿ ಓಟ ಗೆದ್ದರೆ ಫಲಿತಾಂಶದ ಪಟ್ಟಿಯಲ್ಲಿ ಒಂದು ಸಾಲು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮೊದಲ ರ‍್ಯಾಂಕಿನವರ ಬಾಯಿಗೆ ಪೇಡ ಇಡುವ ಫೋಟೊ ಎಲ್ಲ ಕಡೆ. ಎರಡು ಸಲ ಕೂತು ಮೂರನೆಯ ಸಲ ಪಾಸಾದ ಮಗುವಿನ ಮನೆಗೆ ಯಾವ ವರದಿಗಾರ ಹೋಗಿದ್ದಾನೆ? ಪ್ರಶಸ್ತಿಗಳ ವಿಚಾರವೂ ಹೀಗೇ. ಹೆಸರಿದ್ದವರಿಗೆ ಬಂದರೆ ಸಹಜ, ಹೆಸರಿಲ್ಲದವರಿಗೆ ಬಂದರೆ ‘ಯಾರ ಕೃಪೆಯೋ’ ಎಂಬ ಪಿಸುಮಾತು. ದೊಡ್ಡವರ ಗೆಲುವಿಗೆ ನಾವು ಪುರಾವೆ ಕೇಳುವುದಿಲ್ಲ, ಸಣ್ಣವರ ಗೆಲುವಿಗೆ ಮಾತ್ರ ಕಾರಣ ಹುಡುಕುತ್ತೇವೆ. ಅರ್ನ್‌ಹಾರ್ಟ್ ಗೆದ್ದ 76 ರೇಸುಗಳಲ್ಲಿ ಎಷ್ಟು ಸಲ ಬೇರೆಯವರ ಎಂಜಿನ್ ಕೈಕೊಟ್ಟಿತ್ತು, ಎಷ್ಟು ಸಲ ಬೇರೆಯವರ ಪೆಟ್ರೋಲು ತೀರಿತ್ತು ಎಂದು ನಿಮ್ಮ ಷಾರ್ಲಟ್‌ನ ಗೆಳೆಯರು ಲೆಕ್ಕ ಹಾಕಿದ್ದಾರೆಯೇ?

2021ರ ಡೇಟೋನಾ 500 ನೋಡಿದ್ದೀರಾ? ಮಳೆಯಿಂದ ತಡವಾಗಿ ಮಧ್ಯರಾತ್ರಿಯ ಮೇಲೆ ಮುಗಿದ ರೇಸು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಜೋಯಿ ಲೊಗಾನೊ ಮತ್ತು ಅವರದೇ ತಂಡದ ಬ್ರಾಡ್ ಕೆಸಲಾಸ್ಕಿ ಒಬ್ಬರಿಗೊಬ್ಬರು ತಗುಲಿದರು. ಹಿಂದೆಯೇ ಇದ್ದ ಮೈಕೆಲ್ ಮೆಕ್‌ಡವೆಲ್ ಆ ಬೆಂಕಿ, ಹೊಗೆಯ ನಡುವೆ ತೂರಿಕೊಂಡು ಹೋಗಿ ಗೆದ್ದರು. ಅವರಿಗದು 358ನೇ ರೇಸು, ಮೊದಲ ಗೆಲುವು. ವರ್ಷಾನುಗಟ್ಟಲೆ ಹಣವಿಲ್ಲದ ತಂಡಗಳಲ್ಲಿ, ನಾಲ್ಕು ಸುತ್ತು ಓಡಿಸಿ ಕಾರು ನಿಲ್ಲಿಸಬೇಕಾದ ಸ್ಥಿತಿಯಲ್ಲೂ ಬಿಡದೆ ಬಂದವರು. ಅದೇ ರೇಸಿನಲ್ಲಿ 62 ವರ್ಷದ ಡೆರಿಕ್ ಕೋಪ್ ಕೂಡ ಓಡಿಸಿದರು. ಆರಂಭದ ಸುತ್ತುಗಳಲ್ಲೇ ಅವರ ಟೈರು ಒಡೆದು ಹೊರಬಿದ್ದರು. ಆ ಟೈರನ್ನು ಯಾರೂ ಗೋಡೆಗೆ ಹಾಕಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಅರ್ನ್‌ಹಾರ್ಟ್ ಬಗ್ಗೆ ಲೇಖನ ಬೇಕೆಂದಿದ್ದೀರಿ. ಅವರ ಬಗ್ಗೆ ಬರೆಯುವವರಿಗೆ ಬರವಿಲ್ಲ. ನಾನು ನಿಮ್ಮಿಂದ ಬೇರೆಯದನ್ನು ಕೇಳುತ್ತೇನೆ. ನಿಮ್ಮಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿಯ ವಿನ್‌ಸ್ಟನ್-ಸೇಲಂನಲ್ಲಿ ಬೋಮನ್ ಗ್ರೇ ಎಂಬ ಕ್ರೀಡಾಂಗಣವಿದೆ. ಫುಟ್‌ಬಾಲ್ ಮೈದಾನದ ಸುತ್ತ ಕಾಲು ಮೈಲಿಯ ಟ್ರ್ಯಾಕು, ಬೇಸಿಗೆಯ ಶನಿವಾರ ರಾತ್ರಿ ಅಲ್ಲಿ ರೇಸು. ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಕಾರು ಇಳಿಸುವವರು ಅಲ್ಲಿಗೆ ಬರುತ್ತಾರೆ. ಹೋಗಿ ನೋಡಿ. ಏಳನೆಯವರಾಗಿ, ಹನ್ನೊಂದನೆಯವರಾಗಿ ಬಂದವರನ್ನು ಮಾತಾಡಿಸಿ, ಕಾರು ಯಾರದು, ಟೈರಿನ ದುಡ್ಡು ಎಲ್ಲಿಂದ ಬಂತು, ಮನೆಯಲ್ಲಿ ಏನನ್ನುತ್ತಾರೆ ಎಂದು ಕೇಳಿ ಬರೆಯಿರಿ. ಎರಡು ಪುಟ ನಿಮಗೆಂದು ತೆಗೆದಿಟ್ಟಿದ್ದೇನೆ. ಊರುಗಳ ಹೆಸರು ಮಾತ್ರ ಎರಡೆರಡು ಸಲ ವಿಚಾರಿಸಿ ಬರೆಯಿರಿ.

— ಸಂ.