ಪ್ರತಿಕ್ರಿಯೆ: ಅಮ್ಮನ ಫೋನಲ್ಲಿ ಆಪ್ ತೆಗೆದು ಬ್ರೌಸರಲ್ಲೇ ನಡೆಸ್ಬಹುದಾ?

ಅಮ್ಮನ 32 ಜಿಬಿ ಫೋನ್ ತುಂಬೋಗಿದೆ, ಬಸ್ಸು, ರೈಲು, ಶಾಪಿಂಗ್ ಆಪ್ ಎಲ್ಲ ತೆಗೆದ್ರೆ ಬ್ರೌಸರಲ್ಲೇ ಕೆಲ್ಸ ಆಗುತ್ತಾ ಅಂತ ಕೇಳಿದೀರ. ಖಂಡಿತ ಆಗುತ್ತೆ, ಧೈರ್ಯವಾಗಿ ತೆಗೀರಿ. ಕೆಎಸ್‌ಆರ್‌ಟಿಸಿ, ಐಆರ್‌ಸಿಟಿಸಿ ಟಿಕೆಟ್, ಕರೆಂಟ್ ಬಿಲ್ಲು, ಆಧಾರ್ ಡೌನ್‌ಲೋಡು, ಡಿಜಿಲಾಕರ್ ಎಲ್ಲಾನೂ ಕ್ರೋಮಲ್ಲೇ ಆಗುತ್ತೆ, ವರ್ಷಕ್ಕೆ ಎರಡ್ಮೂರು ಸಲ ಬೇಕಾಗೋದಕ್ಕೆ ಒಂದೊಂದು ಆಪ್ ಯಾಕೆ ಹೇಳಿ.

ಯುಪಿಐ ಮತ್ತೆ ವಾಟ್ಸಾಪ್ ಮಾತ್ರ ಮುಟ್ಬೇಡಿ. ಯುಪಿಐ ಆಪ್ ಮೊದಲ ಸಲ ಸೆಟಪ್ ಮಾಡುವಾಗ ಫೋನಿಂದ ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತಲ್ಲ, ಬ್ಯಾಂಕಲ್ಲಿರೋ ನಂಬರಿನ ಸಿಮ್ ಇದೇ ಫೋನಲ್ಲಿದೆ ಅಂತ ಖಾತ್ರಿ ಮಾಡ್ಕೊಳ್ಳೋದು ಹಾಗೆ, ಆ ಕೆಲ್ಸ ವೆಬ್‌ಸೈಟಿಗೆ ಆಗಲ್ಲ.

ಜಾಗಕ್ಕಿಂತ ನಂಗೆ ಮುಖ್ಯ ಅನ್ಸೋದು ಪರ್ಮಿಷನ್. ಆಪಿಗೆ ಒಂದ್ಸಲ ಅಲೋ ಒತ್ತಿದ್ರೆ ಎಸ್ಸೆಮ್ಮೆಸ್ಸು, ಕಾಂಟ್ಯಾಕ್ಟ್ಸು ಪೂರ್ತಿ ಓದ್ಬಹುದು, ವೆಬ್‌ಸೈಟಿಗೆ ಇನ್‌ಬಾಕ್ಸ್ ಓದೋ ದಾರಿನೇ ಇಲ್ಲ, ವಯಸ್ಸಾದವ್ರು ಕೇಳಿದ್ದಕ್ಕೆಲ್ಲ ಅಲೋ ಒತ್ತಿಬಿಡ್ತಾರೆ ಅದಕ್ಕೆ ಇದನ್ನ ಒತ್ತಿ ಹೇಳ್ತಿದೀನಿ.

ಅಡ್ರೆಸ್ ಟೈಪ್ ಮಾಡೋದು ಅಮ್ಮಂಗೆ ಕಷ್ಟ ಆಗ್ಬಹುದು, ಜೊತೆಗೆ ಗೂಗಲಲ್ಲಿ ಹುಡುಕಿ ನಕಲಿ ಸೈಟಿಗೆ ಹೋಗೋ ಭಯಾನೂ ಇದೆ. ಅದಕ್ಕೆ ನೀವೇ ಸರಿಯಾದ ಸೈಟ್ ತೆಗೆದು, ಕ್ರೋಮಲ್ಲಿ ಮೇಲಿರೋ ಮೂರು ಚುಕ್ಕಿ ಒತ್ತಿ 'ಆಡ್ ಟು ಹೋಮ್ ಸ್ಕ್ರೀನ್' ಕೊಡಿ. ಆಪ್ ಥರಾನೇ ಐಕಾನ್ ಬರುತ್ತೆ, ಜಾಗ ಹೆಚ್ಚುಕಮ್ಮಿ ಏನೂ ತಗೊಳಲ್ಲ. ಪಾಸ್‌ವರ್ಡ್ ಸೇವ್ ಮಾಡೋದಾದ್ರೆ ಫೋನಿಗೆ ಸ್ಕ್ರೀನ್ ಲಾಕ್ ಹಾಕಿರಿ. ಆಪ್ ತೆಗೆಯೋಕೆ ಮುಂಚೆ ಅದರ ವ್ಯಾಲೆಟ್ಟಲ್ಲಿ ದುಡ್ಡಿದ್ಯಾ ಅಂತಾನೂ ನೋಡ್ಕೊಳ್ಳಿ.