ಬಹುಮಾನದ ಹಣ, ತಮ್ಮನ ಪ್ರಾಣ

ಪ್ರಶ್ನೆ: ನನ್ನ ತಮ್ಮ ಸಾಹಸದ ರಿಯಾಲಿಟಿ ಶೋ ಒಂದಕ್ಕೆ ಆಯ್ಕೆಯಾಗಿದ್ದಾನೆ. ಬಹುಮಾನ ಬಂದರೆ ಮನೆಯ ಸಾಲ ತೀರುತ್ತದೆ ಎನ್ನುತ್ತಾನೆ. ಆದರೆ ಅವಘಡಕ್ಕೆ ತಾನೇ ಹೊಣೆ ಎಂಬ ಮುಚ್ಚಳಿಕೆಗೆ ಸಹಿ ಕೇಳಿದ್ದಾರೆ. ತಡೆಯಲೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಕನಿಷ್ಠ ಆ ಸಹಿಯನ್ನಾದರೂ ತಡೆಯಿರಿ. 2013ರಲ್ಲಿ ಫ್ರಾನ್ಸಿನ ‘ಕೋ-ಲಾಂಟಾ’ ಎಂಬ ಸಾಹಸದ ರಿಯಾಲಿಟಿ ಕಾರ್ಯಕ್ರಮದ ಚಿತ್ರೀಕರಣ ಕಾಂಬೋಡಿಯಾದಲ್ಲಿ ಆರಂಭವಾದ ಮೊದಲ ದಿನವೇ 25 ವರ್ಷದ ಸ್ಪರ್ಧಿಯೊಬ್ಬರು ಅಸ್ವಸ್ಥರಾಗಿ ಮೃತಪಟ್ಟರು. ಆ ವರ್ಷದ ಆವೃತ್ತಿಯನ್ನೇ ಕೈಬಿಡಬೇಕಾಯಿತು. ವೀಕ್ಷಕರನ್ನು ಹಿಡಿದಿಡಲು ಅಪಾಯವನ್ನು ಹೆಚ್ಚಿಸುವವರು ಅದರ ಹೊಣೆಯನ್ನು ಸಾಲದಲ್ಲಿರುವ ಹುಡುಗನ ಹೆಗಲಿಗೆ ಹೊರಿಸುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಕಡಲು ಕೆರಳಿದ ದಿನ, ಎಷ್ಟೇ ಸಾಲವಿದ್ದರೂ, ನಿಮ್ಮೂರಿನ ಮೀನುಗಾರರು ಬೋಟಿನ ಹಗ್ಗ ಬಿಚ್ಚುವುದಿಲ್ಲ ಎಂಬುದನ್ನು ಅವನಿಗೆ ನೆನಪಿಸಿ. ಸ್ಥಳದಲ್ಲಿ ವೈದ್ಯರಿರುತ್ತಾರೆಯೇ, ವಿಮೆ ಮಾಡಿಸುವವರು ಯಾರು, ನಡುವೆ ಹಿಂದೆ ಸರಿದರೆ ದಂಡವಿದೆಯೇ ಎಂಬುದಕ್ಕೆ ಲಿಖಿತ ಉತ್ತರ ಪಡೆದು, ಉಡುಪಿಯ ವಕೀಲರೊಬ್ಬರಿಗೆ ತೋರಿಸಿ.